ಉದ್ದ ಟೋಪಿಯಿಂದ ತುಂಡು ಪಂಚೆಗೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹೊಟ್ಟೆಗೆ ಏನು ಹಾಕಿಕೊಂಡೆವು ಎಂದು ಯಾರೂ ಕೇಳುವುದಿಲ್ಲ, ಮೈಗೆ ಏನು ಹಾಕಿಕೊಂಡೆವು ಎಂಬುದನ್ನು ಮಾತ್ರ ಎಲ್ಲರೂ ನೋಡುತ್ತಾರೆ ಎಂಬುದು ಅದರ ಅರ್ಥ. ಈ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಸುವಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ಪಾಠ ಹೇಳುತ್ತಿದ್ದೆ. ಆ ಶಾಲೆಯ ಒಬ್ಬ ಹುಡುಗ ಓಟದಲ್ಲಿ ಮೊದಲನೆಯವನಾಗಿ ಬಂದಿದ್ದ. ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಅವನ ಹೆಸರನ್ನು ಮೂರು ಸಲ ಕೂಗಿದರೂ ಅವನು ಬರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ವಿಚಾರಿಸಿದೆ. ಅಂದು ಸಮವಸ್ತ್ರ ಬೇಡ, ಎಲ್ಲರೂ ಬಣ್ಣದ ಬಟ್ಟೆ ಹಾಕಿಕೊಂಡು ಬರಬಹುದು ಎಂದು ಹೇಳಿದ್ದರಂತೆ. ಅವನಿಗಿದ್ದದ್ದು ಅಣ್ಣನ ಹಳೆಯ ಅಂಗಿ ಒಂದೇ. ಅದನ್ನು ಹಾಕಿಕೊಂಡು ಅಷ್ಟು ಜನರ ಮುಂದೆ ಹೇಗೆ ನಿಲ್ಲಲಿ ಎಂದು ಹುಡುಗ ಮನೆಯಲ್ಲೇ ಉಳಿದಿದ್ದ. ಓಡುವ ಕಾಲಿಗೆ ಇದ್ದ ಧೈರ್ಯ ನಿಲ್ಲುವ ಮೈಗೆ ಇರಲಿಲ್ಲ. ಆ ಮಗುವಿಗೆ ಅಂದು ಹೇಳಲು ನನ್ನಲ್ಲಿ ಮಾತು ಇರಲಿಲ್ಲ. ಆಮೇಲೆ ಹೇಳಬೇಕೆನಿಸಿದ್ದು ಗಾಂಧೀಜಿಯವರ ಕಥೆ. ಅದನ್ನೇ ಈಗ ಇಲ್ಲಿ ಬರೆಯುತ್ತಿದ್ದೇನೆ.

ಗಾಂಧೀಜಿಯವರ ಹೆಸರು ಕೇಳದ ಮಗುವಿಲ್ಲ. ಮೊಣಕಾಲವರೆಗಿನ ತುಂಡು ಪಂಚೆ, ಕೈಯಲ್ಲಿ ಕೋಲು, ಕಣ್ಣಿಗೆ ದುಂಡನೆಯ ಕನ್ನಡಕ. ಇಷ್ಟು ಗೆರೆ ಎಳೆದರೆ ಒಂದನೆಯ ತರಗತಿಯ ಮಗುವೂ ಗುರುತು ಹಿಡಿಯುತ್ತದೆ. ಆದರೆ ಅವರು ಹುಟ್ಟುತ್ತಲೇ ಹೀಗಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಅವರೂ ನಾಚಿದವರೇ, ಅವರೂ ಆಸೆಪಟ್ಟವರೇ, ಅವರೂ ತಪ್ಪು ಮಾಡಿದವರೇ. ಹೊಸ ಜನರ ನಡುವೆ ಹೋದಾಗಲೆಲ್ಲ ಅವರ ಉಡುಪು ಬದಲಾಯಿತು. ಆ ಬದಲಾವಣೆಗಳನ್ನು ಸಾಲಾಗಿ ಜೋಡಿಸಿದರೆ ಅವರ ಜೀವನವೇ ನಮ್ಮ ಕಣ್ಣೆದುರು ನಿಲ್ಲುತ್ತದೆ.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ತಂದೆ ಕರಮಚಂದರು ಸಂಸ್ಥಾನದ ದಿವಾನರಾಗಿದ್ದವರು. ತಾಯಿ ಪುತಲೀಬಾಯಿ ವ್ರತ ಉಪವಾಸಗಳಲ್ಲಿ ನಿಷ್ಠೆಯುಳ್ಳವರು. ಮಗನ ಶಾಲೆಯ ವಿದ್ಯಾಭ್ಯಾಸ ರಾಜಕೋಟೆಯಲ್ಲಿ ನಡೆಯಿತು. ತಂದೆ ತೀರಿಕೊಂಡ ಮೇಲೆ, ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರೆ ಮನೆತನಕ್ಕೆ ಆಸರೆಯಾದೀತು ಎಂದು ಹಿರಿಯರು ಯೋಚಿಸಿದರು. ಸಮುದ್ರ ದಾಟುವುದು ಆಗ ಜಾತಿಗೆ ಒಪ್ಪದ ಮಾತು. ಜಾತಿಯ ಮುಖಂಡರು ಹುಡುಗನನ್ನು ಬಹಿಷ್ಕರಿಸಿದರು. ಮಾಂಸ ಮುಟ್ಟುವುದಿಲ್ಲ, ಮದ್ಯ ಕುಡಿಯುವುದಿಲ್ಲ, ಪರಸ್ತ್ರೀ ಸಂಗ ಮಾಡುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟು, 1888ರ ಸೆಪ್ಟೆಂಬರ್ 4ರಂದು ಆ ಹುಡುಗ ಮುಂಬಯಿಯಲ್ಲಿ ಹಡಗು ಹತ್ತಿದ. ವಯಸ್ಸು ಹತ್ತೊಂಬತ್ತಕ್ಕೆ ಇನ್ನೂ ಒಂದು ತಿಂಗಳು ಕಡಿಮೆ.

ಹಡಗಿನಲ್ಲಿ ಮೋಹನದಾಸ ಕಪ್ಪು ಸೂಟು ಹಾಕಿಕೊಳ್ಳುತ್ತಿದ್ದ. ಸ್ನೇಹಿತರು ಹೊಲಿಸಿಕೊಟ್ಟಿದ್ದ ಬಿಳಿಯ ಫ್ಲಾನೆಲ್ ಸೂಟನ್ನು ಇಂಗ್ಲೆಂಡಿನಲ್ಲಿ ಇಳಿಯುವ ದಿನಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದ. ಬಿಳಿಯ ಬಟ್ಟೆಯೇ ಹೆಚ್ಚು ಶೋಭಿಸುತ್ತದೆ ಎಂದು ಅವನ ಲೆಕ್ಕ. ಇಳಿದದ್ದು ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ. ಆ ದೇಶದಲ್ಲಿ ಅದು ಚಳಿ ಏರುವ ಕಾಲ. ಸುತ್ತಲೂ ನೋಡಿದರೆ ಅಂಥ ಬಿಳಿಯ ಸೂಟು ಹಾಕಿಕೊಂಡವನು ತಾನೊಬ್ಬನೇ! ಬೇರೆ ಬಟ್ಟೆ ಹಾಕಿಕೊಳ್ಳೋಣವೆಂದರೆ ಪೆಟ್ಟಿಗೆಗಳನ್ನೂ ಬೀಗದ ಕೈಗಳನ್ನೂ ಏಜೆಂಟರಿಗೆ ಒಪ್ಪಿಸಿಯಾಗಿತ್ತು. ಅಂದು ಶನಿವಾರ, ಮರುದಿನ ಭಾನುವಾರ. ಸೋಮವಾರದವರೆಗೆ ಸಾಮಾನು ಸಿಗುವಂತಿರಲಿಲ್ಲ. ಆ ಎರಡು ದಿನ ಹುಡುಗ ನಾಚಿಕೆಯಿಂದ ಕುಗ್ಗಿಹೋದ. ಮಕ್ಕಳೇ, ಮುಂದೆ ರಾಜನ ಅರಮನೆಗೆ ತುಂಡು ಪಂಚೆಯಲ್ಲಿ ಹೋದವರು ಇವರೇ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ನಾಚಿಕೆ ಮನುಷ್ಯನಿಂದ ಬಹಳ ಖರ್ಚು ಮಾಡಿಸುತ್ತದೆ. ಮುಂಬಯಿಯಲ್ಲಿ ಹೊಲಿಸಿದ ಬಟ್ಟೆ ಇಲ್ಲಿಯ ಸಭ್ಯರಿಗೆ ಒಪ್ಪುವುದಿಲ್ಲವೆಂದು ಲಂಡನ್ನಿನ ದೊಡ್ಡ ಅಂಗಡಿಯಲ್ಲಿ ಹೊಸ ಬಟ್ಟೆ ಬಂತು. ಹೊಗೆಗೂಡಿನಂತೆ ಎತ್ತರವಾಗಿ ನಿಲ್ಲುವ ರೇಷ್ಮೆಯ ಟೋಪಿಗೆ 19 ಷಿಲಿಂಗ್ ಹೋಯಿತು. ಸಂಜೆಯ ಕೂಟಗಳಿಗೆಂದೇ ಒಂದು ಸೂಟು ಹೊಲಿಸಲು 10 ಪೌಂಡ್ ಹೋಯಿತು. ಊರಿನಲ್ಲಿದ್ದ ಅಣ್ಣನಿಗೆ ಬರೆದು ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿ ತರಿಸಿಕೊಂಡದ್ದಾಯಿತು. ದಿನವೂ ದೊಡ್ಡ ಕನ್ನಡಿಯ ಮುಂದೆ ನಿಂತು ಟೈ ಸರಿಪಡಿಸುವುದಕ್ಕೂ ಬೈತಲೆ ತೆಗೆಯುವುದಕ್ಕೂ ಹತ್ತು ನಿಮಿಷ ಬೇಕಾಗುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ನೃತ್ಯ ಕಲಿಯಲು 3 ಪೌಂಡ್ ಕಟ್ಟಿದ, ತಾಳಕ್ಕೆ ಕಾಲು ಕೂಡಲಿಲ್ಲ. ಕಿವಿ ಪಳಗಲೆಂದು ಪಿಟೀಲು ಕೊಂಡ, ಅದೂ ಕೈಗೆ ಹತ್ತಲಿಲ್ಲ. ಭಾಷಣ ಕಲಿಸುವ ಗುರುವನ್ನೂ ಹಿಡಿದ.

ಆ ಕಾಲದಲ್ಲಿ 20 ಷಿಲಿಂಗಿಗೆ ಒಂದು ಪೌಂಡ್. ಲಂಡನ್ನಿನಲ್ಲಿ ಬಡ ವಿದ್ಯಾರ್ಥಿಯೊಬ್ಬ ವಾರಕ್ಕೆ 2 ಷಿಲಿಂಗ್ ಬಾಡಿಗೆಯ ಕೋಣೆಯಲ್ಲಿ ಇದ್ದು ಓದುತ್ತಿದ್ದಾನೆಂದು ಮೋಹನದಾಸ ಆಮೇಲೆ ಕೇಳಿದ. ಲೆಕ್ಕ ಹಾಕಿ ನೋಡಿ: ಒಂದು ಟೋಪಿಯ ಹಣದಲ್ಲಿ ಆ ವಿದ್ಯಾರ್ಥಿ ಒಂಬತ್ತು ವಾರ ಬಾಡಿಗೆ ಕಟ್ಟಿ, ಮೇಲೆ ಒಂದು ಷಿಲಿಂಗ್ ಉಳಿಸಬಹುದಿತ್ತು. ಈ ಅಲಂಕಾರದ ಮೋಹ ಸುಮಾರು ಮೂರು ತಿಂಗಳು ನಡೆಯಿತು. ನಾನು ಇಲ್ಲಿಗೆ ಬಂದದ್ದು ಓದುವುದಕ್ಕೆ, ನನ್ನ ಜೀವಮಾನವೇನೂ ಇಲ್ಲಿ ಕಳೆಯುವುದಿಲ್ಲ, ಅಣ್ಣ ಸಾಲ ಸೋಲ ಮಾಡಿ ಹಣ ಕಳಿಸುತ್ತಿದ್ದಾನೆ ಎಂಬ ಎಚ್ಚರ ಒಂದು ದಿನ ಹುಟ್ಟಿತು. ನೃತ್ಯ ನಿಂತಿತು, ಪಿಟೀಲು ಮಾರಾಟವಾಯಿತು. ಖರ್ಚಾದ ಪ್ರತಿ ಕಾಸಿಗೂ ಲೆಕ್ಕ ಬರೆಯುವ ಅಭ್ಯಾಸ ಬಂತು. ಬಟ್ಟೆಯ ಅಚ್ಚುಕಟ್ಟು ಮಾತ್ರ ಇನ್ನೂ ಅನೇಕ ವರ್ಷ ಉಳಿಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಇಂಗ್ಲಿಷರ ಸಂಗಕ್ಕೆ ಸೇರಲು ಆ ಹುಡುಗ ಟೋಪಿ, ಟೈ, ಸೂಟು ಎಲ್ಲವನ್ನೂ ಬದಲಾಯಿಸಿಕೊಂಡ. ಆದರೆ ತಾಯಿಗೆ ಕೊಟ್ಟ ಮಾತನ್ನು ಬದಲಾಯಿಸಲಿಲ್ಲ. ಚಳಿಯ ದೇಶದಲ್ಲಿ ಮಾಂಸ ತಿನ್ನದಿದ್ದರೆ ಬದುಕುವುದಿಲ್ಲ ಎಂದು ಗೆಳೆಯರು ಎಷ್ಟು ಹೇಳಿದರೂ ಅರೆಹೊಟ್ಟೆಯಲ್ಲಿ ಇದ್ದನೇ ಹೊರತು ಮುಟ್ಟಲಿಲ್ಲ. ಬದಲಾಯಿಸಬಹುದಾದದ್ದು ಯಾವುದು, ಬದಲಾಯಿಸಬಾರದ್ದು ಯಾವುದು ಎಂಬ ವಿವೇಕ ಆ ವಯಸ್ಸಿಗೇ ಸ್ವಲ್ಪ ಇತ್ತು.

1891ರಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಗಾಂಧಿಯವರು ಹಿಂದಿರುಗಿದರು. ಊರಿನಲ್ಲಿ ವಕೀಲಿ ಕುದುರಲಿಲ್ಲ. 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ಸಂಸ್ಥೆಯ ಮೊಕದ್ದಮೆಗೆ ನೆರವಾಗಲು ದಕ್ಷಿಣ ಆಫ್ರಿಕಕ್ಕೆ ಹೋದರು. ಡರ್ಬನ್ ಬಂದರಿನಲ್ಲಿ ಇಳಿದಾಗ ಮೈಮೇಲೆ ಇಂಗ್ಲಿಷರ ಉದ್ದ ಕೋಟು, ತಲೆಯ ಮೇಲೆ ನಮ್ಮವರ ರುಮಾಲು. ಎರಡು ಮೂರು ದಿನಗಳಲ್ಲೇ ಅಲ್ಲಿಯ ಕೋರ್ಟಿಗೆ ಹೋದರು. ಮ್ಯಾಜಿಸ್ಟ್ರೇಟರು ರುಮಾಲು ತೆಗೆಯಲು ಹೇಳಿದರು. ಗಾಂಧಿಯವರು ತೆಗೆಯದೆ ಎದ್ದು ಹೊರಗೆ ಬಂದರು. ನಮ್ಮ ಕಡೆ ರುಮಾಲು ಎಂದರೆ ಮಾನ. ಮದುವೆಯಲ್ಲಿ ಬೀಗರಿಗೆ, ಜಾತ್ರೆಯಲ್ಲಿ ಹಿರಿಯರಿಗೆ ರುಮಾಲು ಸುತ್ತಿ ಗೌರವಿಸುವವರು ನಾವು. ಅದನ್ನು ಬಿಚ್ಚು ಎಂದರೆ ಏನರ್ಥವೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ತೊಂದರೆಯೇ ಬೇಡ, ಇಂಗ್ಲಿಷರ ಹ್ಯಾಟು ಹಾಕಿಕೊಂಡುಬಿಡೋಣ ಎಂದು ಗಾಂಧಿಯವರಿಗೆ ಒಮ್ಮೆ ಅನಿಸಿತು. ಹಾಗೆ ಮಾಡಿದರೆ ರುಮಾಲಿಗಾಗಿ ಹಟ ಹಿಡಿದವರ ಬಲ ಕುಂದುತ್ತದೆ ಎಂದು ಅಬ್ದುಲ್ಲಾ ಶೇಠರು ತಡೆದರು.

ಮರುವರ್ಷ ನಟಾಲದ ದೊಡ್ಡ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣ ಮಾಡುವಾಗ ಮುಖ್ಯ ನ್ಯಾಯಾಧೀಶರು ಮತ್ತೆ ಅದೇ ಮಾತು ಹೇಳಿದರು. ಈ ಸಲ ಗಾಂಧಿಯವರು ರುಮಾಲು ತೆಗೆದರು. ದೊಡ್ಡ ಹೋರಾಟಗಳಿಗಾಗಿ ಶಕ್ತಿಯನ್ನು ಕಾಯ್ದಿಡಬೇಕು, ನ್ಯಾಯಾಲಯದ ಪದ್ಧತಿಯನ್ನು ವಕೀಲನಾದವನು ಒಪ್ಪಬೇಕು ಎಂಬುದು ಅವರ ವಿಚಾರ. ಸ್ನೇಹಿತರಿಗೆ ಇದು ರುಚಿಸಲಿಲ್ಲ.

ಅದೇ ವರ್ಷ ಅವರ ಕಚೇರಿಗೆ ಬಾಲಸುಂದರಂ ಎಂಬ ತಮಿಳು ಕೂಲಿಯಾಳು ಬಂದ. ಹರಿದ ಬಟ್ಟೆ, ಮುಂದಿನ ಎರಡು ಹಲ್ಲು ಮುರಿದು ಬಾಯಲ್ಲಿ ರಕ್ತ. ಒಡೆಯ ಹೊಡೆದಿದ್ದ. ಕರಾರಿನ ಮೇಲೆ ಹೋದ ಕೂಲಿಗಳು ಬಿಳಿಯರ ಮುಂದೆ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಲ್ಲಬೇಕೆಂಬ ರೂಢಿ ಅಲ್ಲಿತ್ತು. ಬಾಲಸುಂದರಂ ಗಾಂಧಿಯವರ ಮುಂದೆಯೂ ಹಾಗೆಯೇ ರುಮಾಲನ್ನು ಕೈಯಲ್ಲಿ ಹಿಡಿದು ನಿಂತ. ಗಾಂಧಿಯವರ ಕರುಳು ಹಿಂಡಿದಂತಾಯಿತು. ರುಮಾಲು ಸುತ್ತಿಕೊಳ್ಳಲು ಹೇಳಿದರು. ಅವನು ಅಳುಕುತ್ತಲೇ ಸುತ್ತಿಕೊಂಡ, ಆದರೆ ಅವನ ಮುಖದ ಮೇಲೆ ಸಂತೋಷ ಮೂಡಿತು. ಗಾಂಧಿಯವರು ಅವನ ಪರವಾಗಿ ನಡೆದು, ಅವನನ್ನು ಆ ಒಡೆಯನಿಂದ ಬಿಡಿಸಿದರು. ಅಲ್ಲಿಂದ ಮುಂದೆ ಕೂಲಿಗಳು ಅವರನ್ನು ತಮ್ಮವರೆಂದು ತಿಳಿದು ಬರತೊಡಗಿದರು.

ಆದರೆ ಮನೆಯೊಳಗೆ ಇನ್ನೂ ಹಳೆಯ ಮೋಹ ಹೋಗಿರಲಿಲ್ಲ. 1896ರಲ್ಲಿ ಊರಿಗೆ ಬಂದು ಹೆಂಡತಿ ಕಸ್ತೂರಬಾ ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟಾಗ, ಬ್ಯಾರಿಸ್ಟರರ ಮನೆಯವರು ನಾಗರಿಕರಂತೆ ಕಾಣಬೇಕೆಂದು ಗಾಂಧಿಯವರು ತೀರ್ಮಾನಿಸಿದರು. ಆಗ ನಮ್ಮವರಲ್ಲಿ ಪಾರಸಿಗಳೇ ಹೆಚ್ಚು ನಾಗರಿಕರೆಂಬ ಹೆಸರಿತ್ತು. ಕಸ್ತೂರಬಾ ಅವರಿಗೆ ಪಾರಸಿ ರೀತಿಯ ಸೀರೆ, ಹುಡುಗರಿಗೆ ಪಾರಸಿ ಕೋಟು ಮತ್ತು ಷರಾಯಿ. ಎಲ್ಲರಿಗೂ ಬೂಟು, ಕಾಲುಚೀಲ. ಊಟಕ್ಕೆ ಚಾಕು, ಮುಳ್ಳುಚಮಚ. ಎಂದೂ ಬೂಟು ಹಾಕದ ಕಾಲುಗಳು ನೊಂದು ಹುಣ್ಣಾದವು. ಬೆವರಿಗೆ ಕಾಲುಚೀಲ ನಾರತೊಡಗಿತು. ಹೆಂಡತಿ ಮಕ್ಕಳು ಬೇಡವೆಂದರೆ ಗಾಂಧಿಯವರ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ಒಪ್ಪಿಗೆಯಿಂದಲ್ಲ, ಬೇರೆ ದಾರಿಯಿಲ್ಲದೆ ಅವರು ಅದನ್ನು ಹಾಕಿಕೊಂಡರು. ಕೆಲವು ಕಾಲದ ಮೇಲೆ ಗಾಂಧಿಯವರ ಭ್ರಮೆ ಇಳಿದಾಗ, ಅಷ್ಟೇ ಇಷ್ಟವಿಲ್ಲದೆ ಅವುಗಳನ್ನು ಬಿಟ್ಟರು, ಏಕೆಂದರೆ ಅಷ್ಟರಲ್ಲಿ ಅದೇ ರೂಢಿಯಾಗಿತ್ತು. ಇದನ್ನೆಲ್ಲ ಗಾಂಧಿಯವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಂದೆತಾಯಿಗಳು ಈ ಭಾಗವನ್ನು ಒಮ್ಮೆ ಓದಬೇಕು.

ಅದೇ ಪ್ರಯಾಣದ ಕೊನೆಯಲ್ಲಿ, 1897ರ ಜನವರಿ 13ರಂದು, ಡರ್ಬನ್ನಿನಲ್ಲಿ ಇಳಿದ ಗಾಂಧಿಯವರ ಮೇಲೆ ಬಿಳಿಯರ ಗುಂಪು ಕಲ್ಲು, ಕೊಳೆತ ಮೊಟ್ಟೆಗಳನ್ನು ಎಸೆದು ಹೊಡೆಯಿತು. ಪೊಲೀಸ್ ಅಧಿಕಾರಿಯ ಹೆಂಡತಿ ತಮ್ಮ ಕೊಡೆ ಬಿಚ್ಚಿ ಅಡ್ಡ ನಿಂತು ಕಾಪಾಡಿದರು. ಅಂದು ರಾತ್ರಿ ಅವರು ತಂಗಿದ್ದ ಮನೆಯನ್ನು ಗುಂಪು ಮುತ್ತಿತು. ಆಗ ಗಾಂಧಿಯವರು ಭಾರತೀಯ ಪೇದೆಯ ಉಡುಪು ತೊಟ್ಟು, ತಲೆಗೆ ತಟ್ಟೆಯೊಂದನ್ನಿಟ್ಟು ಅದರ ಮೇಲೆ ಮದರಾಸಿನ ವಸ್ತ್ರ ಸುತ್ತಿಕೊಂಡು ಪಾರಾದರು. ಉಡುಪು ಒಮ್ಮೊಮ್ಮೆ ಜೀವವನ್ನೂ ಉಳಿಸುತ್ತದೆ.

ವಕೀಲಿ ಚೆನ್ನಾಗಿ ನಡೆಯತೊಡಗಿದಂತೆ ಜೀವನ ಸರಳವಾಗುತ್ತ ಹೋಯಿತು. ಅಗಸನ ಖರ್ಚು ಹೆಚ್ಚಾಯಿತೆಂದು ಬಟ್ಟೆ ಒಗೆಯುವುದನ್ನು ಪುಸ್ತಕ ಓದಿ ಕಲಿತರು. ಮೊದಲ ಸಲ ಕಾಲರಿಗೆ ಹಾಕಿದ ಗಂಜಿ ಹೆಚ್ಚಾಗಿ, ಕೋರ್ಟಿನಲ್ಲಿ ಅದು ಉದುರುತ್ತಿತ್ತು. ಜೊತೆಯ ವಕೀಲರು ನಕ್ಕರು. ಗಾಂಧಿಯವರೂ ಅವರ ಜೊತೆ ನಕ್ಕರು. ಬಿಳಿಯ ಕ್ಷೌರಿಕನೊಬ್ಬ ಕೂದಲು ಕತ್ತರಿಸಲು ಒಪ್ಪದಿದ್ದಾಗ ಕನ್ನಡಿ ಹಿಡಿದು ತಾವೇ ಕತ್ತರಿಸಿಕೊಂಡರು. ಹಿಂಭಾಗ ಹಾಳಾಯಿತು. ಕೂದಲನ್ನು ಇಲಿ ತಿಂದಿತೇ ಎಂದು ಗೆಳೆಯರು ಹಾಸ್ಯ ಮಾಡಿದರು. ಬಿಳಿಯ ಸೂಟಿಗೆ ನಾಚಿ ಕುಗ್ಗಿದ್ದ ಹುಡುಗ ಈಗ ಕೆಟ್ಟ ಕ್ಷೌರಕ್ಕೂ ನಗುವಷ್ಟು ಬೆಳೆದಿದ್ದ.

1910ರಲ್ಲಿ ಟಾಲ್‌ಸ್ಟಾಯ್ ಆಶ್ರಮ ಆರಂಭವಾದಾಗ ಅಲ್ಲಿಯವರೆಲ್ಲ ಕೂಲಿಗಾರರ ಷರಾಯಿ ಮತ್ತು ಅಂಗಿ ತೊಟ್ಟರು. ಅದರ ಮಾದರಿ ಸೆರೆಮನೆಯ ಉಡುಪಿನದು. ಗಾಂಧಿಯವರು ಚಪ್ಪಲಿ ಹೊಲಿಯುವುದನ್ನೂ ಕಲಿತರು. ತಮ್ಮನ್ನು ಸೆರೆಯಲ್ಲಿಟ್ಟ ಜನರಲ್ ಸ್ಮಟ್ಸ್ ಎಂಬ ಅಧಿಕಾರಸ್ಥರಿಗೆ ತಾವೇ ಮಾಡಿದ ಒಂದು ಜೊತೆ ಚಪ್ಪಲಿಯನ್ನು ಕಾಣಿಕೆಯಾಗಿ ಕೊಟ್ಟರು. 1913ರಲ್ಲಿ ತಲೆಗೆ 3 ಪೌಂಡಿನ ತೆರಿಗೆಯ ವಿರುದ್ಧ ಗಣಿ ಕೂಲಿಗಳು ಮುಷ್ಕರ ಹೂಡಿ ಗಾಂಧಿಯವರ ಹಿಂದೆ ನಡೆದರು. ಮುಷ್ಕರ ಹೂಡಿದ ಕೂಲಿಗಳಲ್ಲಿ ಕೆಲವರು ಗುಂಡಿಗೆ ಬಲಿಯಾದರು. ಡಿಸೆಂಬರಿನಲ್ಲಿ ಸೆರೆಯಿಂದ ಬಿಡುಗಡೆಯಾದ ಗಾಂಧಿಯವರು ಡರ್ಬನ್ನಿನ ಸಭೆಗೆ ಬಂದಾಗ ಜನ ಬೆರಗಾದರು. ಸೂಟಿಲ್ಲ, ಬೂಟಿಲ್ಲ. ಮೀಸೆ ಬೋಳಿಸಿ, ಕೂಲಿಯವರಂತೆ ಲುಂಗಿ ಮತ್ತು ಉದ್ದ ಅಂಗಿ ತೊಟ್ಟು ಬರಿಗಾಲಲ್ಲಿ ಬಂದಿದ್ದರು. ಸತ್ತವರಿಗಾಗಿ ಮನೆಯ ಮಗ ಸೂತಕ ಹಿಡಿಯುವಂತೆ ಅವರು ಕೂಲಿಗಳಿಗಾಗಿ ಸೂತಕ ಹಿಡಿದಿದ್ದರು.

1915ರ ಜನವರಿ 9ರಂದು ಅವರು ಮುಂಬಯಿಗೆ ಹಿಂದಿರುಗಿದಾಗ ಮೈಮೇಲೆ ಕಾಠಿಯಾವಾಡದ ಉದ್ದ ನಿಲುವಂಗಿ, ಧೋತ್ರ, ದೊಡ್ಡ ರುಮಾಲು. ಶ್ರೀಮಂತರ ಬಂಗಲೆಯಲ್ಲಿ ಸನ್ಮಾನವಾದಾಗ, ಅಲ್ಲಿಯ ಬೆಡಗಿನ ನಡುವೆ ತಾವು ಹಳ್ಳಿಗನಂತೆ ಕಾಣುತ್ತಿದ್ದೇವೆಂದು ಅವರಿಗೆ ಅನಿಸಿತು. ಒಂದು ವರ್ಷ ದೇಶ ಸುತ್ತಿ ಕಣ್ಣು ತೆರೆದು ನೋಡಲು ಗುರುಗಳಾದ ಗೋಖಲೆಯವರು ಹೇಳಿದ್ದರು. ಗಾಂಧಿಯವರು ರೈಲಿನ ಮೂರನೆಯ ತರಗತಿಯಲ್ಲಿ ಸುತ್ತಿದರು. ಆ ನೂಕುನುಗ್ಗಲಿನಲ್ಲಿ ದೊಡ್ಡ ರುಮಾಲು, ನಿಲುವಂಗಿ ಹೊರೆಯಾದವು. ಅವುಗಳನ್ನು ಬಿಟ್ಟು ಎಂಟು ಹತ್ತಾಣೆಯ ಒಂದು ಕಾಶ್ಮೀರಿ ಟೋಪಿ ಕೊಂಡರು. ಅಂಗಿ, ಧೋತ್ರ, ಟೋಪಿ. ಇಷ್ಟು ಹಾಕಿಕೊಂಡವನನ್ನು ರೈಲಿನಲ್ಲಿ ಯಾರೂ ಬ್ಯಾರಿಸ್ಟರ್ ಎಂದು ಗುರುತಿಸುವುದಿಲ್ಲ. ಬಡವರಿಗೆ ಸಿಗುವ ಮರ್ಯಾದೆ ಎಂಥದೆಂಬುದು ಆಗ ಅವರಿಗೆ ತಿಳಿಯಿತು.

1917ರಲ್ಲಿ ಬಿಹಾರದ ಚಂಪಾರಣ್ಯಕ್ಕೆ ನೀಲಿ ಬೆಳೆಯುವ ರೈತರ ಕಷ್ಟ ವಿಚಾರಿಸಲು ಹೋದರು. ಭಿತಿಹರ್ವಾ ಎಂಬಲ್ಲಿ ಶಾಲೆ ತೆರೆದಿದ್ದರು. ಅದರ ಹತ್ತಿರದ ಒಂದು ಹಳ್ಳಿಯ ಹೆಂಗಸರ ಸೀರೆಗಳು ಬಹಳ ಕೊಳಕಾಗಿದ್ದವು. ಒಗೆದುಕೊಳ್ಳಬಾರದೇ ಎಂದು ಕೇಳುವಂತೆ ಗಾಂಧಿಯವರು ಕಸ್ತೂರಬಾ ಅವರಿಗೆ ಹೇಳಿದರು. ಒಬ್ಬ ಹೆಂಗಸು ಅವರನ್ನು ಗುಡಿಸಲೊಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಪೆಟ್ಟಿಗೆಯಿಲ್ಲ, ಗೂಡಿಲ್ಲ. ಮೈಮೇಲಿನದೊಂದೇ ಸೀರೆ. ಒಗೆದು ಹಾಕಿದರೆ ಒಣಗುವವರೆಗೆ ಉಡುವುದೇನನ್ನು? ಇನ್ನೊಂದು ಸೀರೆ ಕೊಡಿಸಿದರೆ ದಿನವೂ ಮಿಂದು ಮಡಿಯುಡುವೆನೆಂದು ಅವಳು ಹೇಳಿದಳು. ಆ ಗುಡಿಸಲು ಒಂದೇ ಅಲ್ಲ, ಅಂಥವು ದೇಶದಲ್ಲೆಲ್ಲ ಇವೆ ಎಂಬುದು ಗಾಂಧಿಯವರ ಮನಸ್ಸಿನಲ್ಲಿ ನಾಟಿ ನಿಂತಿತು.

ಈಗ ಕಥೆ ನಮ್ಮ ಕಡೆಗೆ ಬರುತ್ತದೆ. 1921ರಲ್ಲಿ ಅಸಹಕಾರ ಚಳವಳಿ ಜೋರಾಗಿತ್ತು. ಪರದೇಶಿ ಬಟ್ಟೆಯನ್ನು ಬಿಡಿ, ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯನ್ನು ಉಡಿ ಎಂದು ಗಾಂಧಿಯವರು ಊರೂರಿಗೆ ಹೇಳುತ್ತಿದ್ದರು. ನಮ್ಮ ಹತ್ತಿಯನ್ನು ಅಗ್ಗಕ್ಕೆ ಕೊಂಡು, ಇಂಗ್ಲೆಂಡಿನ ಗಿರಣಿಗಳಲ್ಲಿ ಬಟ್ಟೆ ಮಾಡಿ, ಮತ್ತೆ ನಮಗೇ ಮಾರುವ ವ್ಯಾಪಾರದಿಂದ ಇಲ್ಲಿಯ ನೂಲುವವರೂ ನೇಯುವವರೂ ಬೀದಿಗೆ ಬಿದ್ದಿದ್ದರು. ಹತ್ತಿ ಬೆಳೆಯುವ ಕರಿನೆಲದ ಮಕ್ಕಳಾದ ನಮಗೆ, ಪಕ್ಕದ ಎಮ್ಮಿಗನೂರಿನ ಮಗ್ಗದ ಸದ್ದು ಕೇಳಿದ ನಮಗೆ, ಈ ಮಾತು ಬೇಗ ಅರ್ಥವಾಗುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ಮದರಾಸಿನಿಂದ ಮಧುರೆಗೆ ಹೋಗುವಾಗ ರೈಲಿನಲ್ಲಿ ಅನೇಕರು ಪರದೇಶಿ ಬಟ್ಟೆಯಲ್ಲೇ ಇದ್ದರು. ಗಾಂಧಿಯವರು ಖಾದಿಯ ಮಾತೆತ್ತಿದಾಗ, ಖಾದಿ ಕೊಳ್ಳುವ ಶಕ್ತಿ ನಮಗಿಲ್ಲ, ನಾವು ಬಡವರು ಎಂದು ಅವರು ತಲೆಯಲ್ಲಾಡಿಸಿದರು. ಆಗ ಗಾಂಧಿಯವರು ತಮ್ಮನ್ನು ತಾವೇ ನೋಡಿಕೊಂಡರು. ಮೈಮೇಲೆ ಅಂಗಿ, ತಲೆಗೆ ಟೋಪಿ, ಉದ್ದನೆಯ ಧೋತ್ರ. ಬಡವನಿಗೆ ಬಟ್ಟೆ ಸುಡು ಎನ್ನುವವನ ಮೈಮೇಲೆ ಇಷ್ಟು ಬಟ್ಟೆ! ಬಂಗಾಳದ ಖುಲ್ನಾ ಕಡೆಯ ಕ್ಷಾಮದ ಸುದ್ದಿ ಕೇಳಿದಾಗ, ವಾಲ್ಟೇರಿನಲ್ಲಿ ಸಂಗಡಿಗರಾದ ಮಹಮ್ಮದ್ ಅಲಿಯವರು ಬಂಧಿತರಾದಾಗ, ಹಿಂದೆ ಎರಡು ಸಲ ಈ ವಿಚಾರ ಅವರಿಗೆ ಬಂದಿತ್ತು. ಆಗ ಧೈರ್ಯ ಸಾಲದೆ ಹಿಂಜರಿದಿದ್ದರು. ಮೂರನೆಯ ಸಲ, ಸೆಪ್ಟೆಂಬರ್ 22ರ ರಾತ್ರಿ ಮಧುರೆಯಲ್ಲಿ ನಿಶ್ಚಯಿಸಿಬಿಟ್ಟರು. ಟೋಪಿ ಹೋಯಿತು, ಅಂಗಿ ಹೋಯಿತು, ಧೋತ್ರ ತುಂಡಾಯಿತು. ಚಳಿಗೆ ಮಾತ್ರ ಒಂದು ಹೊದಿಕೆ. ಅಕ್ಟೋಬರ್ ಕೊನೆಯವರೆಗೆ ಹೀಗಿರುತ್ತೇನೆಂದು ಮೊದಲು ಹೇಳಿದರು. ಅದು ಕೊನೆಯುಸಿರಿನವರೆಗೂ ಉಳಿಯಿತು.

ಆ ಹೊಸ ಉಡುಪಿನಲ್ಲೇ ಅವರು ತಿರುಪತಿ, ಕಡಪ, ಕರ್ನೂಲುಗಳ ಮೂಲಕ ಅಕ್ಟೋಬರ್ 1ರಂದು ಬಳ್ಳಾರಿಗೆ ಬಂದರು. ರೈಲು ನಿಲ್ದಾಣದಲ್ಲೇ ಹಲವು ಗಂಟೆ ಕಳೆದರು. ಆಗ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಈ ಕಡೆ ಬಂದವು. ದೇವನಕೊಂಡದಿಂದ ನೋಡಿದರೆ ಒಂದು ಕಡೆ ಕರ್ನೂಲು, ಇನ್ನೊಂದು ಕಡೆ ಬಳ್ಳಾರಿ. ತುಂಡು ಪಂಚೆಯ ಗಾಂಧಿಯನ್ನು ಮೊದಮೊದಲು ಕಂಡವರಲ್ಲಿ ನಮ್ಮ ಸೀಮೆಯವರೂ ಇದ್ದರು. ಉಡುಪು ಬದಲಾಗಿ ಆಗ ಹತ್ತು ದಿನವೂ ಆಗಿರಲಿಲ್ಲ. ಮೈಮೇಲೆ ಒಂದು ಪಂಚೆ, ಹೆಗಲ ಮೇಲೆ ಒಂದು ವಸ್ತ್ರ. ನಮ್ಮ ಹೊಲಗಳಲ್ಲಿ ಗಳೆ ಹೊಡೆಯುವ ರೈತ ಉಡುತ್ತಿದ್ದದ್ದೂ ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ. ತಮ್ಮ ಸಂಗಡಿಗರೆಲ್ಲ ತುಂಡು ಪಂಚೆ ಉಡಬೇಕೆಂದು ಗಾಂಧಿಯವರು ಹೇಳಲಿಲ್ಲ. ಹೆಂಡತಿ ಮಕ್ಕಳ ಕಾಲಿಗೆ ಬಲವಂತದಿಂದ ಬೂಟು ತೊಡಿಸಿದ್ದ ಅದೇ ಮನುಷ್ಯ, ಈ ಸಲ ಬದಲಾವಣೆಯನ್ನು ತಮ್ಮೊಬ್ಬರ ಮೈಮೇಲೆ ಮಾತ್ರ ಹೇರಿಕೊಂಡರು. ಖಾದಿಯನ್ನು ಎಲ್ಲರಿಂದ ಬೇಡಿದರು, ಬಡತನದ ಉಡುಪನ್ನು ಮಾತ್ರ ಯಾರಿಂದಲೂ ಬೇಡಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದದ್ದು ಈ ಉಡುಪಿನಲ್ಲೇ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದದ್ದೂ ಈ ಉಡುಪಿನಲ್ಲೇ. ಸೆಪ್ಟೆಂಬರ್ ತಿಂಗಳು, ಅದೇ ಚಳಿ ಏರುವ ಕಾಲ. ನಲವತ್ತಮೂರು ವರ್ಷಗಳ ಹಿಂದೆ ಬಿಳಿಯ ಸೂಟಿಗೆ ನಾಚಿದ ನೆಲ. ಈ ಸಲವೂ ಅಂಥ ಬಟ್ಟೆ ಉಟ್ಟವರು ಅಲ್ಲಿ ಅವರೊಬ್ಬರೇ. ಆದರೆ ನಾಚಿಕೆ ಎಲ್ಲಿಯೂ ಇರಲಿಲ್ಲ. ದೊಡ್ಡ ಹೋಟೆಲು ಬಿಟ್ಟು ಲಂಡನ್ನಿನ ಬಡವರ ಬಡಾವಣೆಯಲ್ಲಿ ಇಳಿದುಕೊಂಡರು. ಖಾದಿ ಚಳವಳಿಯಿಂದ ಕೆಲಸಕ್ಕೆ ಪೆಟ್ಟುಬಿದ್ದಿದ್ದ ಲ್ಯಾಂಕಷೈರಿನ ಗಿರಣಿ ಕಾರ್ಮಿಕರನ್ನೇ ನೋಡಲು ಹೋದರು. ಅವರು ಕೋಪಿಸಿಕೊಳ್ಳುವುದಿರಲಿ, ಸಂತೋಷದಿಂದ ಎದುರುಗೊಂಡರು. ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆಯ ಚಹಾಕೂಟಕ್ಕೂ ತುಂಡು ಪಂಚೆ, ಶಾಲು, ಚಪ್ಪಲಿಗಳಲ್ಲೇ ಹೋದರು. 1948ರ ಜನವರಿ 30ರಂದು ಗುಂಡೇಟಿಗೆ ಬಲಿಯಾದಾಗಲೂ ಅವರ ಮೈಮೇಲಿದ್ದದ್ದು ಪಂಚೆ ಮತ್ತು ಹೊದಿಕೆ.

ಈ ಜೀವನದಿಂದ ನಾವು ತಿಳಿಯಬೇಕಾದದ್ದೇನು? ಹೊಸಬರ ನಡುವೆ ಹೋದಾಗ ಉಡುಪು ಬದಲಾಗುವುದು ತಪ್ಪಲ್ಲ. ನಾವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವುದಿಲ್ಲವೇ? ಅದರಿಂದ ನಾವೇನೂ ಕಳೆದುಹೋಗಲಿಲ್ಲ. ನಾಳೆ ನೀವು ಆದವಾನಿಗೋ ಕರ್ನೂಲಿಗೋ ಬೆಂಗಳೂರಿಗೋ ಓದಲು ಹೋಗುವಿರಿ. ಅಲ್ಲಿಯವರಂತೆ ಉಡುವಿರಿ. ಉಡಿರಿ. ಆದರೆ ಎರಡು ಪ್ರಶ್ನೆಗಳನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಯಾರ ಜೊತೆಗೆ ಸೇರಲು ನಾನು ಈ ಬಟ್ಟೆ ಹಾಕಿಕೊಳ್ಳುತ್ತಿದ್ದೇನೆ? ಇದರ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಲಂಡನ್ನಿನ ಟೋಪಿಯ ಬೆಲೆ ತೆತ್ತವನು ಊರಿನ ಅಣ್ಣ. ಡರ್ಬನ್ನಿನ ಬೂಟಿನ ಬೆಲೆ ತೆತ್ತದ್ದು ಹೆಂಡತಿ ಮಕ್ಕಳ ಕಾಲು. ತುಂಡು ಪಂಚೆಯ ಬೆಲೆಯನ್ನು ಮಾತ್ರ ಉಟ್ಟವರೇ ತೆತ್ತರು. ಸುಗ್ಗಿ ಮುಗಿದ ಮೇಲೆ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗಿ ಬೆರಳು ಉರಿಸಿಕೊಂಡು ದುಡಿದು ತರುವ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಮಕ್ಕಳೇ, ಅಂಗಡಿಯಲ್ಲಿ ಬಟ್ಟೆ ಆರಿಸುವಾಗ ಆ ಬೆರಳುಗಳನ್ನು ನೆನೆಯಿರಿ. ತಂದೆತಾಯಿಗಳೇ, ಇದ್ದ ಬಟ್ಟೆಯನ್ನು ಒಗೆದು ಮಡಿಸಿ ಕೊಟ್ಟರೆ ಸಾಕು, ಸಾಲ ಮಾಡಬೇಡಿರಿ.

ಇನ್ನು ನಮ್ಮ ಪಾಲಿನದೂ ಒಂದಿದೆ. ಇನ್ನೊಬ್ಬನ ಅಂಗಿಯನ್ನು ನೋಡಿ ನಗುವವರು ಇರುವವರೆಗೆ ಅಂಗಿಯಿಲ್ಲದವನು ಮನೆಯಲ್ಲೇ ಉಳಿಯುತ್ತಾನೆ. ಆದ್ದರಿಂದ ಈ ವರ್ಷದ ವಾರ್ಷಿಕೋತ್ಸವದಲ್ಲಿ ಬಹುಮಾನ ಪಡೆಯುವವರೆಲ್ಲರೂ ಸಮವಸ್ತ್ರದಲ್ಲೇ ವೇದಿಕೆಗೆ ಬರಲಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ಓಟದಲ್ಲಿ ಗೆದ್ದವನ ಹೆಸರನ್ನು ಈ ಸಲ ಒಂದೇ ಸಾರಿ ಕೂಗಿದರೆ ಸಾಕಾಗಲಿ.